ಮೊದಲು ಕಿರ್ದಿ, ಆಮೇಲೆ ಖಾತೆ: ಪ್ರಯೋಗಾಲಯದ ದಾಖಲೆ ಕುರಿತು ಓದುಗರ ಪ್ರಶ್ನೆಗಳು

ಪ್ರಯೋಗಾಲಯದ ನೋಟ್‌ಬುಕ್ಕು ಮತ್ತು ಕಂಪ್ಯೂಟರಿನ ಫೈಲುಗಳ ಬಗ್ಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಪ್ರಾಕ್ಟಿಕಲ್ ಮಾಡುವಾಗ ರೀಡಿಂಗ್‌ಗಳನ್ನು ಬಿಡಿ ಹಾಳೆಯಲ್ಲಿ ಗೀಚಿಕೊಂಡು, ಮನೆಗೆ ಹೋದ ಮೇಲೆ ಜರ್ನಲ್‌ನಲ್ಲಿ ಅಂದವಾಗಿ ಬರೆಯುತ್ತೇವೆ. ಸರ್ ಸಹಿ ಮಾಡುವುದು ಜರ್ನಲ್‌ಗೆ ಮಾತ್ರ. ಈಗ ಪ್ರಾಜೆಕ್ಟ್ ಶುರುವಾಗಿದೆ. ಇದೇ ಪದ್ಧತಿ ನಡೆಯುತ್ತದೆಯೇ?
— ಎಂ.ಎಸ್ಸಿ. ರಸಾಯನಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಡೆಯುವುದಿಲ್ಲ. ಹುಬ್ಬಳ್ಳಿಯ ಯಾವ ಹಳೆಯ ಅಂಗಡಿಗೆ ಹೋದರೂ ಲೆಕ್ಕದ ಕ್ರಮ ಒಂದೇ: ವ್ಯವಹಾರ ನಡೆದ ಕೂಡಲೇ ಕಿರ್ದಿಗೆ ಬೀಳಬೇಕು, ಖಾತೆಗೆ ಎತ್ತುವುದು ಆಮೇಲೆ. ತಕರಾರು ಬಂದರೆ ತೆರೆಯುವುದು ಕಿರ್ದಿಯನ್ನೇ. ನಿಮ್ಮ ಜರ್ನಲ್ ಖಾತೆ ಇದ್ದ ಹಾಗೆ, ಆ ಬಿಡಿ ಹಾಳೆ ಕಿರ್ದಿ ಇದ್ದ ಹಾಗೆ. ನೀವು ಖಾತೆ ಇಟ್ಟುಕೊಂಡು ಕಿರ್ದಿಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದೀರಿ.

ಪ್ರಾಜೆಕ್ಟಿಗೆ ಹೊಲಿದು ಬೈಂಡ್ ಮಾಡಿದ, 200 ಪುಟದ ಒಂದು ನೋಟ್‌ಬುಕ್ ಕೊಳ್ಳಿ. ಸ್ಪೈರಲ್ ಬೇಡ, ಅದರ ಹಾಳೆ ಹರಿದರೆ ಗುರುತೇ ಉಳಿಯುವುದಿಲ್ಲ. ಒಂದಕ್ಷರ ಬರೆಯುವ ಮೊದಲೇ ಎಲ್ಲ ಪುಟಗಳಿಗೆ ನಂಬರ್ ಹಾಕಿ, ಮೊದಲ ನಾಲ್ಕು ಪುಟಗಳನ್ನು ಪರಿವಿಡಿಗೆ ಬಿಡಿ. ಬಾಲ್‌ಪೆನ್ನಿನಲ್ಲೇ ಬರೆಯಿರಿ. ಜೆಲ್ ಪೆನ್ನುಗಳ ಶಾಯಿ ಬಹುಮಟ್ಟಿಗೆ ನೀರಿನದು, ಮೇಜಿನ ಮೇಲೆ ಒಂದು ಹನಿ ನೀರು ಚೆಲ್ಲಿದರೆ ಅಂಕಿ ಕದಡಿಹೋಗಬಹುದು. ಧಾರವಾಡದ ಮಳೆಗಾಲದಲ್ಲಿ ಕಾಗದ ತೇವ ಹೀರುವುದರಿಂದ ಆ ತೊಂದರೆ ಇನ್ನೂ ಹೆಚ್ಚು. ಪೆನ್ಸಿಲ್ ಬೇಡ, ವೈಟ್ನರ್ ಅಂತೂ ಬೇಡವೇ ಬೇಡ. ತಪ್ಪಾದರೆ ಅಡ್ಡಲಾಗಿ ಒಂದೇ ಗೆರೆ ಎಳೆಯಿರಿ, ಹಳೆಯ ಅಂಕಿ ಓದುವಂತೆ ಉಳಿಯಲಿ. ಪಕ್ಕದಲ್ಲಿ ಸರಿಯಾದ ಅಂಕಿ, ಯಾಕೆ ತಿದ್ದಿದಿರಿ ಎಂಬ ಎರಡು ಮಾತು, ಕಿರುಸಹಿ, ತಾರೀಖು. ಹೊಡೆದುಹಾಕಿದ ಅಂಕಿಯೇ ಸರಿ ಇತ್ತೆಂದು ತಿಂಗಳು ಬಿಟ್ಟು ಗೊತ್ತಾಗುವುದು ಬಹಳ ಸಾಮಾನ್ಯ.

ಏನು ಬರೆಯಬೇಕು ಎಂಬುದಕ್ಕೆ ನೀರಿನ ಗಡಸುತನದ ಟೈಟ್ರೇಶನ್ನನ್ನೇ ನೋಡೋಣ. ಬ್ಯುರೆಟ್ಟಿನಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗಲು ಎಷ್ಟು ಬೇಕಾಯಿತೆಂದು ಅಳೆಯುವ ಪರೀಕ್ಷೆ ಅದು. ಹೆಚ್ಚಿನವರು "50 ಮಿ.ಲೀ. ಮಾದರಿ, ಇಡಿಟಿಎ 14.35, ಗಡಸುತನ 287" ಎಂದು ಬರೆದು ಮುಗಿಸುತ್ತಾರೆ. ಇಡಿಟಿಎ ದ್ರಾವಣ ಸರಿಯಾಗಿ 0.0100 ಮೋಲಾರ್ ಇದ್ದರೆ ಲೀಟರಿಗೆ 287 ಮಿ.ಗ್ರಾಂ ಎಂಬುದು ಸರಿ. ಆದರೆ ಪ್ರಮಾಣೀಕರಿಸಿದಾಗ, ಅಂದರೆ ದ್ರಾವಣದ ನಿಜವಾದ ಪ್ರಬಲತೆ ಅಳೆದಾಗ, ಅದು 0.0098 ಬಂದಿದ್ದರೆ ಉತ್ತರ 281 ಚಿಲ್ಲರೆ. ಬಾಟಲಿ ಯಾವುದು, ಪ್ರಮಾಣೀಕರಿಸಿದ್ದು ಯಾವಾಗ ಎಂದು ಬರೆಯದೆ ಹೋದರೆ ಇವೆರಡರಲ್ಲಿ ಯಾವುದು ನಿಜವೆಂದು ಮುಂದೆ ಯಾರೂ ಹೇಳಲಾರರು. ಹಾಗಾಗಿ ಇಷ್ಟು ಇರಲಿ: ತಾರೀಖು ಮತ್ತು ಗಂಟೆ, ಮಾದರಿಯ ಸಂಕೇತ, ಇಡಿಟಿಎ ಬಾಟಲಿಯ ತಯಾರಿಕೆ ದಿನ, ಪ್ರಮಾಣೀಕರಿಸಿದ ಪ್ರಬಲತೆ ಮತ್ತು ಆ ಲೆಕ್ಕ ಇರುವ ಪುಟದ ನಂಬರ್, ಪಿಎಚ್ 10ರ ಅಮೋನಿಯಾ ಬಫರ್ ಎಷ್ಟು ಹಾಕಿದಿರಿ, ಸೂಚಕ ಯಾವುದು. ಬ್ಯುರೆಟ್ಟಿನ ಆರಂಭದ ರೀಡಿಂಗ್ ಮತ್ತು ಕೊನೆಯ ರೀಡಿಂಗ್ ಎರಡನ್ನೂ ಬೇರೆ ಬೇರೆ ಬರೆಯಿರಿ, ಕಳೆದು ಬಂದ ಅಂಕಿಯನ್ನಷ್ಟೇ ಅಲ್ಲ. ಕಳೆಯುವ ಲೆಕ್ಕದಲ್ಲೇ ಅವಸರದ ತಪ್ಪು ಹೆಚ್ಚು, ಎರಡೂ ರೀಡಿಂಗ್ ಇದ್ದರೆ ಅದನ್ನು ಹಿಡಿಯಬಹುದು. ಕಣ್ಣಿಗೆ ಕಂಡದ್ದನ್ನೂ ಬಿಡಬೇಡಿ. ದ್ರಾಕ್ಷಾರಸದ ಕೆಂಪಿನಿಂದ ನೀಲಿಗೆ ತಿರುಗುವುದು ನಿಧಾನವಾಯಿತೇ, ನೇರಳೆಯಲ್ಲೇ ತಡೆದು ನಿಂತಿತೇ? ಬಫರ್ ಹಳಸಿದ್ದರೆ, ಮಾದರಿಯಲ್ಲಿ ತಾಮ್ರದಂಥ ಲೋಹ ಇದ್ದರೆ ಹೀಗಾಗುತ್ತದೆ. ಕಾರಣದ ಸುಳಿವು ಸಿಗುವುದು ಆ ಒಂದು ಸಾಲಿನಿಂದಲೇ.

ತಕ್ಕಡಿ ನಾಲ್ಕು ದಶಮಾಂಶ ತೋರಿಸಿದರೆ 0.5000 ಎಂದೇ ಬರೆಯಿರಿ, 0.5 ಎಂದಲ್ಲ. ಆ ಮೂರು ಸೊನ್ನೆಗಳು ಯಾವ ತಕ್ಕಡಿಯಲ್ಲಿ ತೂಗಿದಿರಿ ಎಂಬುದನ್ನೂ ಹೇಳುತ್ತವೆ. ಪುಟದ ಕೆಳಗೆ ಖಾಲಿ ಉಳಿದರೆ ಕರ್ಣರೇಖೆ ಎಳೆದು ಮುಚ್ಚಿ.

ಮೈಕೆಲ್ ಫ್ಯಾರಡೆ 1832ರಿಂದ ತನ್ನ ಪ್ರಯೋಗದ ದಿನಚರಿಯ ಒಂದೊಂದು ಪ್ಯಾರಾಕ್ಕೂ ಕ್ರಮಸಂಖ್ಯೆ ಕೊಡುತ್ತಾ ಬಂದ. ಆ ಸಂಖ್ಯೆ 16,000 ದಾಟಿತು. ವರ್ಷಗಳ ಹಿಂದಿನ ಒಂದು ಗಮನಿಕೆಯನ್ನು ನಂಬರ್ ಹೇಳಿ ತೋರಿಸಲು ಅವನಿಗೆ ಸಾಧ್ಯವಾದದ್ದು ಹೀಗೆ. ನೀವೂ ಪ್ರತಿ ಪ್ರಯೋಗಕ್ಕೆ ಒಂದು ನಂಬರ್ ಕೊಡಿ. ಬಾಟಲಿಯ ಚೀಟಿ, ಕಂಪ್ಯೂಟರಿನ ಫೈಲು, ಕೊನೆಗೆ ಜರ್ನಲ್, ಎಲ್ಲೆಡೆ ಅದೇ ನಂಬರ್ ಇರಲಿ. ಜರ್ನಲ್ ಬರೆಯುವುದನ್ನು ಬಿಡಬೇಕಾಗಿಲ್ಲ. ಅದರ ಅಂಚಿನಲ್ಲಿ "ನೋಟ್‌ಬುಕ್ 1, ಪುಟ 37" ಎಂದು ಸೇರಿಸಿ, ಮತ್ತು ಸರ್ ಹತ್ತಿರ ವಾರಕ್ಕೊಮ್ಮೆ ನೋಟ್‌ಬುಕ್ಕಿಗೂ ಸಹಿ ಕೇಳಿ.

ಪ್ರಶ್ನೆ: ನಮಸ್ಕಾರ್ರೀ. ಗದಗ ಜಿಲ್ಲಾದ 60 ಬೋರ್‌ವೆಲ್ ನೀರಿನ್ಯಾಗ ಫ್ಲೋರೈಡ್ ಎಷ್ಟೈತಿ ಅಂತ ಮೂರು ಹಂಗಾಮಿನ್ಯಾಗ ನೋಡಾಕತ್ತೇನಿ. ಎರಡು ಹಂಗಾಮು ಮುಗಿದಾವ. ಆದ್ರ ಲ್ಯಾಪ್‌ಟಾಪಿನ್ಯಾಗ "ಫೈನಲ್", "ಫೈನಲ್ ಹೊಸದು", "ಫೈನಲ್ ಖರೇದು" ಅಂತ ಹದಿನೇಳು ಫೈಲ್ ಆಗ್ಯಾವ. ಯಾವುದು ಖರೇ ಅಂತ ನನಗ ಗೊತ್ತಾಗವಲ್ದು. ಏನ್ ಮಾಡ್ಲಿ?
— ಸಂಶೋಧನಾ ವಿದ್ಯಾರ್ಥಿ, ಗದಗ

ಉತ್ತರ: ಮೊದಲನೆಯದಾಗಿ, ಒಂದನ್ನೂ ಅಳಿಸಬೇಡಿ. ಹದಿನೇಳನ್ನೂ ಇದ್ದಂತೆಯೇ "ಹಳೆಯದು" ಎಂಬ ಫೋಲ್ಡರಿಗೆ ಸರಿಸಿ, ಇನ್ನು ಮುಟ್ಟಬೇಡಿ. ಆಮೇಲೆ ನೋಟ್‌ಬುಕ್ ತೆರೆದು, ಮೀಟರ್ ತೋರಿಸಿದ ಮಿಲಿವೋಲ್ಟ್ ಅಂಕಿಗಳಿಂದ ಹೊಸದೊಂದು ಫೈಲನ್ನು ಕಟ್ಟಿ. 60 ಬೋರ್‌ವೆಲ್, ಎರಡು ಹಂಗಾಮು ಎಂದರೆ 120 ಸಾಲು. ಒಂದು ದಿನದ ಕೆಲಸ. ಹದಿನೇಳು ಫೈಲುಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾ ಕುಳಿತರೆ ವಾರ ಹೋದರೂ ಅನುಮಾನ ಹೋಗುವುದಿಲ್ಲ.

ಹೊಸ ಫೋಲ್ಡರಿನೊಳಗೆ ಐದು ಉಪಫೋಲ್ಡರ್ ಸಾಕು: 1_ಮೂಲ, 2_ಶುದ್ಧ, 3_ಲೆಕ್ಕ, 4_ನಕ್ಷೆ, 5_ಬರಹ. ಮೂಲ ಎಂಬಲ್ಲಿ ಉಪಕರಣದಿಂದ ಬಂದದ್ದು, ಮೊದಲ ಸಲ ಟೈಪ್ ಮಾಡಿದ್ದು ಮಾತ್ರ. ಅಲ್ಲಿಗೆ ಫೈಲು ಸೇರಿದ ದಿನವೇ ಪ್ರಾಪರ್ಟೀಸ್‌ಗೆ ಹೋಗಿ ರೀಡ್-ಓನ್ಲಿ ಗುರುತು ಹಾಕಿ. ಬೇಕೆಂದವರು ಅದನ್ನು ತೆಗೆಯಬಹುದು, ನಿಜ. ಆದರೆ ಕೈತಪ್ಪಿ ಸೇವ್ ಒತ್ತಿ ಮೂಲವನ್ನೇ ಕೆಡಿಸಿಕೊಳ್ಳುವುದು ತಪ್ಪುತ್ತದೆ. ತಿದ್ದುವುದು, ಸರಾಸರಿ ತೆಗೆಯುವುದು, ಬಣ್ಣ ಹಚ್ಚುವುದು ಎಲ್ಲ ಪ್ರತಿಯ ಮೇಲೆ.

ಫೈಲಿನ ಹೆಸರಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಬರಲಿ: 20240715_ಗದಗ_ಫ್ಲೋ_ಓಟ01. ಓಟ ಎಂದರೆ ಒಂದು ಸಲ ಕುಳಿತು ಅಳೆದ ಮಾದರಿಗಳ ಕಂತು. ಹೀಗಿದ್ದರೆ ಹೆಸರಿನ ಅನುಕ್ರಮವೇ ಕಾಲದ ಅನುಕ್ರಮ. ದಿನ ಮೊದಲು ಬಂದರೆ ಜನವರಿಯ 15 ಮತ್ತು ಜುಲೈನ 15 ಅಕ್ಕಪಕ್ಕ ಕೂರುತ್ತವೆ. ಓಟದ ಸಂಖ್ಯೆಗೆ 1, 2 ಎನ್ನದೆ 01, 02 ಎನ್ನಿ. ಇಲ್ಲದಿದ್ದರೆ ಆರ್, ಪೈಥಾನ್‌ನಂಥ ಪ್ರೋಗ್ರಾಮುಗಳು 10ನ್ನು 2ಕ್ಕಿಂತ ಮೊದಲು ಇಡುತ್ತವೆ. ಓದಲು ಸುಲಭವಾಗಲೆಂದು ಇಲ್ಲಿ ಕನ್ನಡದಲ್ಲಿ ತೋರಿಸಿದ್ದೇವೆ. ಕಂಪ್ಯೂಟರಿನಲ್ಲಿ ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಯಲ್ಲೇ ಇಡಿ, ಏಕೆಂದರೆ ಉಪಕರಣಗಳ ಹಳೆಯ ತಂತ್ರಾಂಶಗಳು ಕನ್ನಡ ಅಕ್ಷರವನ್ನೂ ನಡುವಿನ ಖಾಲಿ ಜಾಗವನ್ನೂ ನುಂಗಿಬಿಡುವುದುಂಟು. "ಫೈನಲ್" ಎಂಬ ಪದಕ್ಕೆ ಇನ್ನು ಮುಂದೆ ಜಾಗ ಬೇಡ. ಆವೃತ್ತಿ 01, 02 ಎಂದು ಹೋಗಲಿ.

ಬೋರ್‌ವೆಲ್‌ಗೆ ಹಳ್ಳಿಯ ಹೆಸರೇ ಗುರುತಾಗಬಾರದು. ಡಂಬಳ ಎಂಬುದನ್ನೇ ಇಂಗ್ಲಿಷಿನಲ್ಲಿ ಇಬ್ಬರು ಎರಡು ರೀತಿ ಬರೆದರೆ ಕಂಪ್ಯೂಟರಿಗೆ ಅವು ಎರಡು ಊರು. ಜಿಲ್ಲೆಯ ಏಳು ತಾಲ್ಲೂಕುಗಳಿಗೆ ಎರಡಕ್ಷರದ ಸಂಕೇತ ಕೊಟ್ಟು, ಮುಂದೆ ಮೂರಂಕಿ ಸೇರಿಸಿ: ಮುಂಡರಗಿಯ ಹದಿನೇಳನೆಯ ಬೋರ್‌ವೆಲ್ ಎಂದರೆ ಎಂಡಿ017. ಮೂರು ಹಂಗಾಮಿನಲ್ಲೂ ಅದೇ ಸಂಕೇತ. ಒಂದು ಪ್ರತ್ಯೇಕ ಹಾಳೆಯಲ್ಲಿ ಸಂಕೇತ, ಊರು, ಬೋರ್‌ವೆಲ್ ಇರುವ ಜಾಗ, ಆಳ, ಅಕ್ಷಾಂಶ, ರೇಖಾಂಶ ಇವನ್ನು ಒಮ್ಮೆ ಮಾತ್ರ ಬರೆಯಿರಿ. ಐದು ದಶಮಾಂಶದ ವರೆಗೆ ಬರೆದರೆ ಸುಮಾರು ಒಂದು ಮೀಟರಿನ ನಿಖರತೆ, ಅಷ್ಟು ಸಾಕು. ಅಕ್ಷಾಂಶ, ರೇಖಾಂಶ ಅದಲುಬದಲಾದರೆ ಗದಗದ 15.4, 75.6 ಎಂಬ ಬಿಂದು ನಕ್ಷೆಯಲ್ಲಿ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಹೋಗಿ ಬೀಳುತ್ತದೆ. ಹಾಗಾಗಿ ಟೈಪ್ ಮಾಡಿದ ದಿನವೇ ನಕ್ಷೆ ತೆರೆದು ನೋಡಿ.

ಫ್ಲೋರೈಡ್ ಎಲೆಕ್ಟ್ರೋಡ್ ಬಳಸುತ್ತಿದ್ದರೆ ಅಂತಿಮ ಉತ್ತರಕ್ಕಿಂತ ಮಿಲಿವೋಲ್ಟ್ ಮುಖ್ಯ. ಲೀಟರಿಗೆ ಇಷ್ಟು ಮಿ.ಗ್ರಾಂ ಎಂಬುದು ಆ ದಿನದ ಪ್ರಮಾಣ ದ್ರಾವಣಗಳ ರೇಖೆಯಿಂದ ಲೆಕ್ಕ ಹಾಕಿದ್ದು. ರೇಖೆ ತಪ್ಪಿದ್ದು ಆಮೇಲೆ ಗೊತ್ತಾದರೆ ಮಿಲಿವೋಲ್ಟ್ ಇದ್ದವರು ಮತ್ತೆ ಲೆಕ್ಕ ಹಾಕುತ್ತಾರೆ, ಇಲ್ಲದವರು ಮತ್ತೆ ಅರವತ್ತು ಊರು ತಿರುಗಬೇಕು. ಪ್ರತಿ ಓಟಕ್ಕೂ ಪ್ರಮಾಣ ದ್ರಾವಣಗಳ ಮಿಲಿವೋಲ್ಟ್, ರೇಖೆಯ ಇಳಿಜಾರು, ಉಷ್ಣತೆ, ಅಳೆಯುವ ಮುನ್ನ ಮಾದರಿಗೆ ಬೆರೆಸುವ ಟಿಸಾಬ್ ಬಫರ್ ದ್ರಾವಣ ತಯಾರಿಸಿದ ದಿನ ಇರಲಿ. ಸಾಂದ್ರತೆ ಹತ್ತು ಪಟ್ಟಾದಾಗ ಮಿಲಿವೋಲ್ಟ್ 25 ಡಿಗ್ರಿಯಲ್ಲಿ ಸುಮಾರು 59ರಷ್ಟು ಇಳಿಯಬೇಕು. 54ಕ್ಕಿಂತ ಕಡಿಮೆ ಬಂದರೆ ಎಲೆಕ್ಟ್ರೋಡ್ ಇಲ್ಲವೆ ದ್ರಾವಣದಲ್ಲಿ ದೋಷವಿದೆ ಎಂದು ತಿಳಿದು ಅಲ್ಲೇ ನಿಲ್ಲಿಸಿ. ಹತ್ತು ಮಾದರಿಗೊಮ್ಮೆ ಒಂದು ಪ್ರಮಾಣ ದ್ರಾವಣವನ್ನು ಮತ್ತೆ ಅಳೆದು, ಅದನ್ನೂ ಒಂದು ಸಾಲಾಗಿ ಅಲ್ಲೇ ಬರೆಯಿರಿ. ಮಾದರಿ ತುಂಬಿದ್ದು ಪಾಲಿಥೀನ್ ಬಾಟಲಿಯಲ್ಲೋ ಗಾಜಿನದರಲ್ಲೋ ಎಂಬ ಕಾಲಂ ಕೂಡ ಬೇಕು. ಫ್ಲೋರೈಡ್‌ಗೆ ಗಾಜು ಸಲ್ಲದು.

ಅಳತೆಗೆ ಸಿಗದಷ್ಟು ಕಡಿಮೆ ಬಂದಲ್ಲಿ ಸೊನ್ನೆ ಬರೆಯಬೇಡಿ, ಖಾಲಿಯನ್ನೂ ಬಿಡಬೇಡಿ. ಸೊನ್ನೆ ಎಂದರೆ ಅಳೆದು ಸೊನ್ನೆ ಸಿಕ್ಕಿತು ಎಂದರ್ಥ, ಖಾಲಿ ಎಂದರೆ ಅಳೆಯಲೇ ಇಲ್ಲ ಎಂದರ್ಥ. ಪಕ್ಕದಲ್ಲಿ "ಟಿಪ್ಪಣಿ" ಕಾಲಂ ಮಾಡಿ "ಮಿತಿಗಿಂತ ಕಡಿಮೆ", "ಬೋರ್ ಬಂದ್ ಇತ್ತು" ಎಂದು ಬರೆಯಿರಿ. ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಭಾರತೀಯ ಮಾನಕ 10500ರ 2012ರ ಆವೃತ್ತಿ ಕುಡಿಯುವ ನೀರಿನ ಫ್ಲೋರೈಡ್‌ಗೆ ಲೀಟರಿಗೆ 1.0 ಮಿ.ಗ್ರಾಂ ಎಂಬ ಮಿತಿ ಇಟ್ಟಿದೆ, ಬೇರೆ ನೀರೇ ಇಲ್ಲದ ಕಡೆ 1.5. ನಿಮ್ಮ ಪಟ್ಟಿಯ 1.4ಕ್ಕೂ 1.6ಕ್ಕೂ ನಡುವೆ ಒಂದು ಊರಿನ ಮಕ್ಕಳ ಹಲ್ಲು ಇದೆ.

ಕೊನೆಗೆ ಫೋಲ್ಡರಿನ ಬಾಗಿಲಲ್ಲೇ "ಮೊದಲು ಓದಿ" ಎಂಬ ಸಾದಾ ಟೆಕ್ಸ್ಟ್ ಫೈಲು ಇಡಿ. ಯಾವ ಕಾಲಂ ಎಂದರೆ ಏನು, ಯಾವ ಏಕಮಾನ, ಸಂಕೇತಗಳ ಅರ್ಥ, ಯಾವ ಹಂಗಾಮು ಎಂದಿನಿಂದ ಎಂದಿನವರೆಗೆ. ಇದನ್ನು ಕನ್ನಡದಲ್ಲೇ ಬರೆಯಿರಿ, ಅರ್ಧ ಪುಟ ಸಾಕು.

ಪ್ರಶ್ನೆ: ಹತ್ತಿ ಬೀಜದ ಮೊಳಕೆ ಪರೀಕ್ಷೆಯ ಎಣಿಕೆಗಳನ್ನು ಎಕ್ಸೆಲ್‌ಗೆ ಹಾಕುತ್ತೇವೆ. ಲಾಟ್ ಸಂಕೇತ 1-2 ಎಂದು ಟೈಪ್ ಮಾಡಿದರೆ ಫೆಬ್ರವರಿ 1 ಎಂದಾಗುತ್ತದೆ. 007 ಎಂದರೆ 7 ಆಗುತ್ತದೆ. ಆಗಾಗ ಒಟ್ಟು ಎಣಿಕೆಯೂ ಹೊಂದುವುದಿಲ್ಲ.
— ಬೀಜ ಪರೀಕ್ಷಾ ಸಹಾಯಕ, ರಾಣೆಬೆನ್ನೂರು

ಉತ್ತರ: ಎಕ್ಸೆಲ್ ನಿಮಗೆ ಸಹಾಯ ಮಾಡಲು ಹೋಗಿ ಕೆಡಿಸುತ್ತಿದೆ. ತಾರೀಖಿನಂತೆ ಕಂಡದ್ದನ್ನೆಲ್ಲ ಅದು ತಾರೀಖು ಮಾಡುತ್ತದೆ, ಒಳಗೆ ಅದನ್ನು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2024ರ ಫೆಬ್ರವರಿ 1 ಅದಕ್ಕೆ 45323. ಆದ್ದರಿಂದ ಒಮ್ಮೆ ಬದಲಾದ ಮೇಲೆ ಕಾಲಂ ಅನ್ನು ಟೆಕ್ಸ್ಟ್ ಮಾಡಿದರೆ 1-2 ವಾಪಸ್ ಬರುವುದಿಲ್ಲ, 45323 ಬರುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಆರಿಸಿ ಟೆಕ್ಸ್ಟ್ ಎಂದು ಮಾಡಬೇಕು. ಇನ್ನೂ ಒಳ್ಳೆಯದೆಂದರೆ ಸಂಕೇತ ಅಕ್ಷರದಿಂದ ಶುರುವಾಗಲಿ: ಎಲ್007. ನಡುವೆ ಅಡ್ಡಗೆರೆ ಬೇಡ, ಅಂಕಿಗಳ ನಡುವೆ ಇಂಗ್ಲಿಷಿನ ಇ ಅಕ್ಷರವೂ ಬೇಡ. 3ಇ2 ಎಂಬುದನ್ನು ಎಕ್ಸೆಲ್ 300 ಎಂದು ಓದುತ್ತದೆ. ತಿಂಗಳ ಹೆಸರನ್ನು ಹೋಲುವ ಸಂಕೇತವೂ ಬೇಡ. ಮಾರ್ಚ್1, ಸೆಪ್ಟ್1 ಎಂಬ ವಂಶವಾಹಿಗಳ ಹೆಸರು ಇದೇ ಕಾಟದಿಂದ ಪ್ರಕಟಿತ ಪಟ್ಟಿಗಳಲ್ಲೂ ಕೆಟ್ಟು, ಕೊನೆಗೆ ಮಾನವ ವಂಶವಾಹಿಗಳಿಗೆ ಹೆಸರಿಡುವ ಸಮಿತಿ ಅಂಥ ಹೆಸರುಗಳನ್ನೇ ಬದಲಿಸಿ 2020ರಲ್ಲಿ ಅದಕ್ಕೆ ನಿಯಮ ಪ್ರಕಟಿಸಬೇಕಾಯಿತು. ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಟೆಕ್ಸ್ಟ್) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೂ ಇದೇ ಗತಿ. ಡೇಟಾ ಮೆನುವಿನಿಂದ ಒಳಗೆ ತಂದು, ಕಾಲಂ ಟೆಕ್ಸ್ಟ್ ಎಂದು ಹೇಳಿಯೇ ತೆರೆಯಿರಿ.

ಎಣಿಕೆ ಹೊಂದದಿರಲು ಕಾರಣ ಹಾಳೆಯ ರಚನೆಯಲ್ಲಿದೆ ಎನಿಸುತ್ತದೆ. 400 ಬೀಜಗಳನ್ನು ನೂರರಂತೆ ನಾಲ್ಕು ಪುನರಾವರ್ತನೆ ಮಾಡುತ್ತೀರಿ. ಹತ್ತಿಗೆ ಮೊದಲ ಎಣಿಕೆ 4ನೇ ದಿನ, ಕೊನೆಯದು 12ನೇ ದಿನ. ಮೊದಲ ಎಣಿಕೆಯಲ್ಲಿ ಸಹಜ ಸಸಿಗಳನ್ನು ಕಿತ್ತು ತೆಗೆಯುವುದರಿಂದ 12ನೇ ದಿನದ ಅಂಕಿಗೆ ಅವನ್ನು ಕೂಡಿಸಬೇಕು. ಒಬ್ಬರು ಕೂಡಿಸಿ ಬರೆದು, ಇನ್ನೊಬ್ಬರು ಕೂಡಿಸದೆ ಬರೆದರೆ ಲೆಕ್ಕ ಹಾಳು. ಎರಡೂ ದಿನಕ್ಕೆ ಬೇರೆ ಬೇರೆ ಕಾಲಂ ಇಡಿ, ಕೂಡಿಸುವುದು ಸೂತ್ರದ ಕೆಲಸ. ಒಂದು ಪುನರಾವರ್ತನೆಗೆ ಒಂದು ಸಾಲು: ಲಾಟ್, ಪುನರಾವರ್ತನೆ, ಬಿತ್ತಿದ ದಿನ, 4ನೇ ದಿನದ ಸಹಜ ಸಸಿ, 12ನೇ ದಿನದ ಸಹಜ ಸಸಿ, ಅಸಹಜ ಸಸಿ, ಗಟ್ಟಿ ಬೀಜ, ಮೊಳೆಯದ ತಾಜಾ ಬೀಜ, ಸತ್ತ ಬೀಜ, ಎಣಿಸಿದವರು. ಕೊನೆಯ ಕಾಲಂನಲ್ಲಿ ಎಲ್ಲವನ್ನೂ ಕೂಡಿಸುವ ಸೂತ್ರ ಹಾಕಿ, 100 ಬರದಿದ್ದರೆ ಕೋಶ ಕೆಂಪಾಗುವಂತೆ ಮಾಡಿ. ಪೇಪರ್ ಟವೆಲ್ ಇನ್ನೂ ಕೈಯಲ್ಲಿರುವಾಗಲೇ ಇದನ್ನು ನೋಡಬೇಕು. ಮರುದಿನ ನೋಡಿದರೆ ಸಸಿಗಳು ಕಸಕ್ಕೆ ಹೋಗಿರುತ್ತವೆ.

ಕೋಶಗಳನ್ನು ಮರ್ಜ್ ಮಾಡಬೇಡಿ. ಬಣ್ಣದಲ್ಲಿ ಮಾತ್ರ ಮಾಹಿತಿ ಇಡಬೇಡಿ, ಸಿಎಸ್‌ವಿ ಮಾಡಿದ ಕ್ಷಣ ಬಣ್ಣ ಹೋಗುತ್ತದೆ. ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಬೇಡಿ. ಪಕ್ಕದ ಕಾಲಂಗಳನ್ನೂ ಸೇರಿಸಲೇ ಎಂದು ಎಕ್ಸೆಲ್ ಕೇಳುವ ಪ್ರಶ್ನೆಗೆ ಅವಸರದಲ್ಲಿ ತಪ್ಪು ಉತ್ತರ ಕೊಟ್ಟರೆ ಒಂದು ಲಾಟಿನ ಮೊಳಕೆ ಇನ್ನೊಂದು ಲಾಟಿಗೆ ಅಂಟಿಕೊಳ್ಳುತ್ತದೆ, ಮತ್ತು ಒಟ್ಟು ಮೊತ್ತ ಸರಿಯೇ ಇರುವುದರಿಂದ ಯಾರಿಗೂ ತಿಳಿಯುವುದಿಲ್ಲ.

ಪ್ರಶ್ನೆ: ಮೆಣಸಿನಕಾಯಿ ಬಣ್ಣದ ಪರೀಕ್ಷೆಯ ಸ್ಪೆಕ್ಟ್ರೋಫೋಟೋಮೀಟರ್ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೆವು. ವರ್ಷದೊಳಗೆ ಬಿಳಿಯಾಗಿವೆ.
— ಬ್ಯಾಡಗಿಯ ಓದುಗರು

ಉತ್ತರ: ಅದು ಥರ್ಮಲ್ ಕಾಗದ. ಬಿಸಿಲು, ಸೆಕೆ, ಅಂಟು, ಮೆದು ಪ್ಲಾಸ್ಟಿಕ್ಕಿನಿಂದ ಹೊರಬರುವ ರಾಸಾಯನಿಕ, ಇವೆಲ್ಲ ಅದರ ಅಕ್ಷರ ತಿನ್ನುತ್ತವೆ. ಚೀಟಿ ಬಂದ ದಿನವೇ ಝೆರಾಕ್ಸ್ ಮಾಡಿ, ಝೆರಾಕ್ಸ್ ಪ್ರತಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ, ಅರ್ಧ ಆ ಪ್ರತಿಯ ಮೇಲೆ ಅರ್ಧ ಪುಟದ ಮೇಲೆ ಬರುವಂತೆ ಸಹಿ ಹಾಕಿ. ಮೂಲ ಚೀಟಿ ಕಾಗದದ ಲಕೋಟೆಯಲ್ಲಿರಲಿ.

ಚೀಟಿಯಲ್ಲಿ ಇರುವುದು 460 ನ್ಯಾನೋಮೀಟರಿನ ಬೆಳಕನ್ನು ದ್ರಾವಣ ಎಷ್ಟು ಹೀರಿತು ಎಂಬ ಹೀರಿಕೆ ಮಾತ್ರ. ಮೆಣಸಿನಕಾಯಿ ಬಣ್ಣದ ಅಳತೆಯಾದ ಆಸ್ಟಾ ಮೌಲ್ಯಕ್ಕೆ ಅದನ್ನು 16.4ರಿಂದಲೂ ಉಪಕರಣದ ತಿದ್ದುಪಡಿ ಗುಣಾಂಕದಿಂದಲೂ ಗುಣಿಸಿ, ಗ್ರಾಂ ಲೆಕ್ಕದ ತೂಕದಿಂದ ಭಾಗಿಸಬೇಕು. ಹೀರಿಕೆ 0.640, ಗುಣಾಂಕ 1, ತೂಕ 0.0720 ಗ್ರಾಂ ಆದರೆ 145.8. ಅದೇ ತೂಕವನ್ನು ನೋಟ್‌ಬುಕ್ಕಿನಲ್ಲಿ 0.07 ಎಂದು ಮೊಟಕು ಮಾಡಿದರೆ 149.9. ಬಣ್ಣದ ಮೇಲೆಯೇ ದರ ನಿಂತಿರುವ ಬ್ಯಾಡಗಿ ಮೆಣಸಿನಕಾಯಿಗೆ ನಾಲ್ಕು ಅಂಕ ಸಣ್ಣದಲ್ಲ. ಹಾಗಾಗಿ ಚೀಟಿಯ ಪಕ್ಕದಲ್ಲೇ ಪೂರ್ತಿ ತೂಕ, ಗುಣಾಂಕ, ಅಸಿಟೋನ್‌ನಲ್ಲಿ ಕತ್ತಲಲ್ಲಿ ಇಟ್ಟ ಗಂಟೆ, ತೆಗೆದ ಗಂಟೆ ಬರೆಯಿರಿ. ಹದಿನಾರು ಗಂಟೆ ಎಂದು ವಿಧಾನ ಹೇಳುತ್ತದೆ, ನೀವು ಇಟ್ಟದ್ದು ಎಷ್ಟು ಎಂದು ಹೇಳಬೇಕಾದದ್ದು ನೋಟ್‌ಬುಕ್ಕು.

ಪ್ರಶ್ನೆ: ಸಾಮಗ್ರಿ ಪರೀಕ್ಷೆಯ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್ ಬಹಳ ಹಳೆಯದು, ಇಂಟರ್‌ನೆಟ್ ಇಲ್ಲ. ಪೆನ್‌ಡ್ರೈವ್‌ನಲ್ಲಿ ಫೈಲು ಒಯ್ಯುತ್ತೇವೆ. ಫೈಲುಗಳ ತಾರೀಖು ಎಷ್ಟೋ ವರ್ಷ ಹಿಂದಿನದು ತೋರಿಸುತ್ತದೆ. ಬ್ಯಾಕಪ್ ಹೇಗೆ ಇಡಬೇಕು?
— ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಸಿಬ್ಬಂದಿ, ಹುಬ್ಬಳ್ಳಿ

ಉತ್ತರ: ತಾರೀಖು ಹಿಂದೆ ಹೋಗುವುದಕ್ಕೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತಿರುವುದು ಕಾರಣ. ಸಾಮಾನ್ಯವಾಗಿ ಸಿಆರ್2032. ಕರೆಂಟ್ ಹೋದಾಗಲೆಲ್ಲ ಗಡಿಯಾರ ಮೊದಲಿಗೆ ಮರಳುತ್ತದೆ. ಹೊಸ ಬ್ಯಾಟರಿ ಹಾಕಿ, ಸಮಯ ಸರಿಪಡಿಸಿ, ಪ್ರತಿ ಸೋಮವಾರ ಮೊಬೈಲಿನ ಸಮಯದೊಂದಿಗೆ ತಾಳೆ ನೋಡಿ, ವ್ಯತ್ಯಾಸವನ್ನು ಯಂತ್ರದ ಲಾಗ್‌ಬುಕ್‌ನಲ್ಲಿ ಬರೆಯಿರಿ. ಈಗಾಗಲೇ ತಪ್ಪು ತಾರೀಖು ಬಿದ್ದ ಫೈಲುಗಳನ್ನು ತಿದ್ದಬೇಡಿ. ನೋಟ್‌ಬುಕ್ಕಿನ ನಿಜವಾದ ದಿನಕ್ಕೂ ಫೈಲಿನ ಹೆಸರಿಗೂ ಹೊಂದಿಸುವ ಒಂದು ಪಟ್ಟಿ ಮಾಡಿ. ಅಲ್ಲದೆ ವಿಂಡೋಸ್‌ನಲ್ಲಿ ಫೈಲನ್ನು ನಕಲು ಮಾಡಿದರೆ "ಸೃಷ್ಟಿಯಾದ ದಿನ" ನಕಲು ಮಾಡಿದ ದಿನವಾಗಿಬಿಡುತ್ತದೆ. ಫೈಲಿನ ಹೆಸರಿನಲ್ಲೇ ತಾರೀಖು ಇರಬೇಕು ಎನ್ನುವುದು ಇದಕ್ಕೇ.

ಆ ಯಂತ್ರಕ್ಕೆಂದೇ ಒಂದು ಪೆನ್‌ಡ್ರೈವ್ ಮೀಸಲಿಡಿ, ಅದು ಝೆರಾಕ್ಸ್ ಅಂಗಡಿಗೆ ಹೋಗಕೂಡದು. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗುವ ವೈರಸ್ ಬರುವುದು ಹೆಚ್ಚಾಗಿ ಆ ದಾರಿಯಿಂದ. ನಕಲು ಮಾಡಿದ ಮೇಲೆ ಎರಡೂ ಕಡೆಯ ಫೈಲಿನ ಗಾತ್ರ ಬೈಟ್ ಲೆಕ್ಕದಲ್ಲಿ ಒಂದೇ ಇದೆಯೇ ನೋಡಿ, ಹೊಸ ಕಡೆ ಒಮ್ಮೆ ತೆರೆದೂ ನೋಡಿ. ಆಮೇಲೆಯೇ ಹಳೆಯದನ್ನು ಅಳಿಸುವ ಮಾತು. ಯಂತ್ರದ್ದೇ ಸ್ವರೂಪದ ಫೈಲಿನ ಜೊತೆಗೆ ಟೆಕ್ಸ್ಟ್ ಇಲ್ಲವೆ ಸಿಎಸ್‌ವಿ ಪ್ರತಿಯನ್ನೂ ಅಂದೇ ತೆಗೆಯಿರಿ. ಆ ತಂತ್ರಾಂಶ ಓಡುವ ಕಂಪ್ಯೂಟರ್ ಕೆಟ್ಟ ದಿನ ಉಳಿಯುವುದು ಈ ಪ್ರತಿ.

ಹಳೆಯ ತಂತ್ರಾಂಶ ಎಕ್ಸೆಲ್ಲಿನ ಹಿಂದಿನ ಎಕ್ಸ್‌ಎಲ್‌ಎಸ್ ರೂಪದಲ್ಲಿ ಉಳಿಸುತ್ತಿದ್ದರೆ ಎಚ್ಚರ. ಅದಕ್ಕೆ ಹಿಡಿಯುವುದು 65,536 ಸಾಲು ಮಾತ್ರ. ಸೆಕೆಂಡಿಗೆ 100 ರೀಡಿಂಗ್ ಬರುವ ಪರೀಕ್ಷೆಯಾದರೆ ಹನ್ನೊಂದು ನಿಮಿಷಕ್ಕೆ ಹಾಳೆ ತುಂಬುತ್ತದೆ, ಮುಂದಿನದಕ್ಕೆ ಜಾಗವಿಲ್ಲ. ಇಂಗ್ಲೆಂಡಿನಲ್ಲಿ 2020ರ ಶರತ್ಕಾಲದಲ್ಲಿ 15,841 ಕೋವಿಡ್ ಪ್ರಕರಣಗಳು ದಿನವಹಿ ಲೆಕ್ಕದಿಂದ ಬಿಟ್ಟುಹೋದದ್ದು ಈ ಹಳೆಯ ರೂಪದ ಮಿತಿಯಿಂದಲೇ.

ಬ್ಯಾಕಪ್‌ಗೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ನಿಮ್ಮಲ್ಲಾದರೆ: ವಿಭಾಗದ ಕಂಪ್ಯೂಟರ್, ಬೀರುವಿನಲ್ಲಿ ಬೀಗ ಹಾಕಿದ ಹೊರಗಿನ ಹಾರ್ಡ್‌ಡಿಸ್ಕ್, ಮತ್ತು ಕಾಲೇಜಿನ ಕ್ಲೌಡ್ ಖಾತೆ. ಗೂಗಲ್ ಡ್ರೈವ್‌ಗೆ ಸಿಂಕ್ ಆಗುತ್ತಿದೆ ಎಂದರೆ ಬ್ಯಾಕಪ್ ಆಯಿತೆಂದು ತಿಳಿಯಬೇಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಇರುತ್ತದೆ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೈಲನ್ನು ಹಾರ್ಡ್‌ಡಿಸ್ಕಿನಿಂದ ವಾಪಸ್ ತಂದು ತೆರೆಯಿರಿ.

ಪ್ರಶ್ನೆ: ನೋಟ್‌ಬುಕ್ಕಿನ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಸಾಲದೇ?
— ಪದವಿ ವಿದ್ಯಾರ್ಥಿ, ಹಾವೇರಿ

ಉತ್ತರ: ಮೂಲ ಪುಸ್ತಕದ ಜೊತೆಗೆ ಇದ್ದರೆ ಬಹಳ ಒಳ್ಳೆಯದು, ಅದರ ಬದಲಿಗೆ ಅಲ್ಲ. ಪುಟದ ನಂಬರ್ ಕಾಣುವಂತೆ, ಕಿಟಕಿಯ ಬೆಳಕಿನಲ್ಲಿ, ನೇರ ಮೇಲಿನಿಂದ ತೆಗೆಯಿರಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗಿ 3 ಮತ್ತು 8 ಒಂದೇ ಥರ ಕಾಣುತ್ತವೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ.

ಪ್ರಶ್ನೆ: ಪಿಎಚ್.ಡಿ. ಮುಗಿಯಿತು, ಲ್ಯಾಬ್ ಬಿಡುತ್ತಿದ್ದೇನೆ. ನೋಟ್‌ಬುಕ್‌ಗಳನ್ನು ಒಯ್ಯಬಹುದೇ?
— ಧಾರವಾಡದ ಓದುಗರು

ಉತ್ತರ: ಸಾಮಾನ್ಯವಾಗಿ ಮೂಲ ನೋಟ್‌ಬುಕ್ ಸಂಸ್ಥೆಗೆ ಸೇರಿದ್ದು. ಮಾರ್ಗದರ್ಶಕರ ಒಪ್ಪಿಗೆ ಪಡೆದು ಝೆರಾಕ್ಸ್ ಇಲ್ಲವೆ ಸ್ಕ್ಯಾನ್ ನೀವು ಒಯ್ಯಿರಿ. ಹೊರಡುವ ಮುನ್ನ ಒಂದು ಹಸ್ತಾಂತರ ಪಟ್ಟಿ ಬರೆಯಿರಿ: ಎಷ್ಟು ನೋಟ್‌ಬುಕ್, ಯಾವ ನಂಬರ್, ಯಾವ ಬೀರು, ಫೈಲುಗಳು ಯಾವ ಕಂಪ್ಯೂಟರಿನ ಯಾವ ಫೋಲ್ಡರ್, ಪಾಸ್‌ವರ್ಡ್ ಯಾರ ಬಳಿ, ಫ್ರಿಜ್‌ನಲ್ಲಿ ಉಳಿದ ಮಾದರಿಗಳ ಸಂಕೇತ. ಪ್ರಬಂಧದ ಪ್ರತಿ ಚಿತ್ರಕ್ಕೂ ಪ್ರತಿ ಕೋಷ್ಟಕಕ್ಕೂ ಎದುರಾಗಿ ಅದರ ಮೂಲ ಫೈಲಿನ ಹೆಸರು ಮತ್ತು ನೋಟ್‌ಬುಕ್ ಪುಟ ಬರೆದ ಒಂದು ಹಾಳೆ ಸೇರಿಸಿ. ಆಮೇಲೆ ನಿಮ್ಮ ಜಾಗಕ್ಕೆ ಬರುವವರನ್ನು ಕೂರಿಸಿ, ಪ್ರಬಂಧದ ಯಾವುದಾದರೂ ಒಂದು ಅಂಕಿ ತೋರಿಸಿ, ಅದರ ಮೂಲ ರೀಡಿಂಗ್ ಹುಡುಕಲು ಹೇಳಿ. ನೀವು ಬಾಯಿ ಬಿಡದೆ ಅವರಿಗೆ ಅದು ಸಿಗಬೇಕು. ಎಲ್ಲಿ ತಡವರಿಸಿದರೋ ಅಲ್ಲಿ ಪಟ್ಟಿಯನ್ನು ತಿದ್ದಿ, ಇಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ಮಾರ್ಗದರ್ಶಕರಿಗೆ ಕೊಡಿ.